ಕಾಕಾರ ಹಲ್ಲು, ನಮ್ಮ ರೆಕಾರ್ಡಿಂಗು

ಮದುವೆ ಬ್ಯಾಂಡಿನವರು ಎಂದ ಮೇಲೆ ಹೋದಲ್ಲೆಲ್ಲ ಒಂದು ಫಜೀತಿ ಕಾದೇ ಇರುತ್ತದೆ. ಬೈಲಹೊಂಗಲದ ನಮ್ಮ ಬ್ಯಾಂಡಿನಲ್ಲಿ ಎಂಟು ಜನ. ನಾನು ಟ್ರಂಪೆಟ್ ಊದುವವ, ಮೇಲಾಗಿ ಮುಖ್ಯಸ್ಥ. ಅಂದರೆ ಬೈಸಿಕೊಳ್ಳುವ ಮೊದಲ ಹಕ್ಕು ನನ್ನದು. ಇಷ್ಟು ವರ್ಷ ಬೀದಿಯಲ್ಲಿ ಆಗುತ್ತಿದ್ದ ಫಜೀತಿ ಮೊನ್ನೆ ಸ್ಟುಡಿಯೋದೊಳಗೂ ಬಂತು.

ಅದಕ್ಕೆ ಕಾರಣ ನಮ್ಮ ಕ್ಲಾರ್ನೆಟ್ ಕಾಕಾರ ಹಲ್ಲು. ಕಾಕಾ ಸುರೇಬಾನದವರು. ಕ್ಲಾರ್ನೆಟ್ ನಿಲ್ಲುವುದೇ ಮೇಲಿನ ಮುಂದಿನ ಹಲ್ಲಿನ ಆಧಾರದಲ್ಲಿ, ಅವರದು ಅಲುಗಾಡುತ್ತಿತ್ತು. ಸೋಮವಾರ ಕೀಳುವುದೆಂದು ರಾಮದುರ್ಗದ ಡಾಕ್ಟರು ಹೇಳಿಬಿಟ್ಟಿದ್ದರು.

“ನಲವತ್ತ ವರ್ಷ ಮಂದಿ ಲಗ್ನದಾಗ ನುಡಿಸೇನಿ. ನಮ್ಮಾಕಿ ಒಂದ ಸಲಾನೂ ಪೂರಾ ಹಾಡ ಕೇಳಿಲ್ಲ. ಮನ್ಯಾಗ ಬರೇ ರಿಯಾಜಿನ ಕಿರಿಕಿರಿ ಕೇಳ್ಯಾಳ. ಹಲ್ಲ ಹೋಗೂದರಾಗ ಒಂದ ಹಾಡ ರೆಕಾರ್ಡ್ ಮಾಡೂಣು” ಅಂದರು ಕಾಕಾ.

ಶನಿವಾರಕ್ಕೇ ಸ್ಟುಡಿಯೋ ಗೊತ್ತು ಮಾಡಿದೆ.

ಕುರ್ಚಿಯ ತೊಂದರೆ

ಸ್ಟುಡಿಯೋ ಎಂದರೆ ಅರಳೆ ಅಂಗಡಿಯ ಮೇಲಿನ ಕೋಣೆ. ಗೋಡೆಗೆಲ್ಲ ಗಾದಿ ಬಡಿದಿದ್ದರು. “ಇಲ್ಲೆ ನಿಂತ ಮಲಗತಾರೇನ್ರಿ?” ಎಂದು ನಮ್ಮ ಡ್ರಮ್ ಚಾಚಾ ವಿಚಾರಿಸಿದರು. ರೆಕಾರ್ಡಿಂಗ್ ಮಾಡುವ ಮೇಡಮ್ ನಗುತ್ತ ಎಲ್ಲರನ್ನೂ ಕುರ್ಚಿಯ ಮೇಲೆ ಕೂಡಿಸಿದರು.

ಶುರು ಮಾಡಿದೆವು. ತಾಳ ಎತ್ತಲೋ, ಹಾಡು ಎತ್ತಲೋ. ಇದೇಕೆ ಹೀಗೆ ಎಂದು ನನಗೇ ಕುತೂಹಲ. ಚಾಚಾರನ್ನು ಕೇಳಿದೆ.

“ಮೂವತ್ತ ವರ್ಷ ನಡಕೋಂತ ಬಾರಿಸೇನಿ. ತಾಳ ಕಾಲಾಗ ಐತಿ. ಕುಂತ್ರ ಅದು ಎಲ್ಲಿಂದ ಬರಬೇಕು?”

ಖರೆ ಮಾತು. ಕುರ್ಚಿ ಸರಿಸಿ ಮೈಕಿನ ಸುತ್ತ ನಡೆಯುತ್ತ ನುಡಿಸಿದೆವು. ತಾಳ ಕೂಡಿಬಂತು. ಆದರೆ ಮೇಡಮ್ ಕಿವಿಯ ಹೆಡ್‌ಫೋನ್ ತೆಗೆದು, “ನಿಮ್ಮ ಬ್ಯಾಂಡ್ ಒಮ್ಮೆ ಬರಾಕ ಹತ್ತೇತಿ, ಒಮ್ಮೆ ಹೋಗಾಕ ಹತ್ತೇತ್ರಿ. ನಿಂತಲ್ಲೇ ನಡೀರಿ” ಎಂದರು.

ನಿಂತಲ್ಲೇ ನಡೆದೆವು. ನಾಲ್ಕನೆಯ ಸಲಕ್ಕೆ ಟ್ರಾಂಬೋನಿನವನು ಬೆವರು ಒರೆಸಿಕೊಂಡು, “ಮೇಡಮ್ಮಾರ, ಇಷ್ಟ ನಡದಿದ್ರ ನವಿಲುತೀರ್ಥದ ಡ್ಯಾಮ ಮುಟ್ಟತಿದ್ವಿ. ನೀರರೆ ಸಿಗತಿತ್ತು” ಅಂದ.

ಕುಣಿಯುವವರು ಬೇಕಾಗಿದ್ದಾರೆ

ಆದರೂ ಚಾಚಾರ ಕೈ ಬಿಚ್ಚಲಿಲ್ಲ. “ಮುಂದ ಯಾರರೆ ಕುಣೀಬೇಕು” ಅಂದರು.

ಆಗ ನನಗೊಂದು ಗುಟ್ಟು ತಿಳಿಯಿತು. ಮನೋಳಿಯ ಮದುವೆ ಮೆರವಣಿಗೆಯಲ್ಲಿ ಕುಣಿತ ಬಾರದ ಎಂಥವನೂ ತಾಳಕ್ಕೆ ಸರಿಯಾಗಿ ಕುಣಿಯುತ್ತಾನಲ್ಲ, ಅದು ಹೇಗೆ ಎಂದು ನಾನು ಯಾವಾಗಲೂ ಬೆರಗಾಗುತ್ತಿದ್ದೆ. ಅವನು ತಾಳಕ್ಕೆ ಕುಣಿಯುವುದಿಲ್ಲ. ಚಾಚಾ ಅವನ ಕಾಲು ನೋಡಿ ತಾಳ ಹಾಕುತ್ತಾರೆ! ಇಂಥ ಕಲಾವಿದನನ್ನು ಪಕ್ಕದಲ್ಲೇ ಇಟ್ಟುಕೊಂಡು ನಾನು ಗಮನಿಸಿರಲಿಲ್ಲ.

ಕಡೆಗೆ ಕುಣಿದವನು ನಾನೇ. ಸಪ್ಪಳಾಗಬಾರದೆಂದು ಬೂಟು ಬಿಚ್ಚಿ, ಸಾಕ್ಸಿನಲ್ಲಿ, ಟ್ರಂಪೆಟ್ ಊದುತ್ತಲೇ, ಐವತ್ತಾರು ವರ್ಷದ ಸೊಂಟ ಹೊತ್ತು. ಹಾಡು ಮುಗಿಯಿತು. ಮೇಡಮ್ ನಿಟ್ಟುಸಿರಿಟ್ಟು, “ಇನ್ನೊಮ್ಮೆ ತಗೋಬೇಕಾಗ್ತದ್ರಿ” ಅಂದರು.

“ಯಾಕ್ರಿ, ಯಾರು ತಪ್ಪಿದ್ರು?”

“ಬಾರಿಸಿದವ್ರು ಯಾರೂ ತಪ್ಪಿಲ್ರಿ. ನೀವು ಕುಣಿಯೂದ್ರಾಗ ತಪ್ಪಿದ್ರಿ.”

ಬೆರಳು

ಮುಂದಿನ ಸಲ ಎಲ್ಲವೂ ಸರಿಹೋಯಿತು. ಹೆಣ್ಣು ಕಳಿಸುವಾಗ ನುಡಿಸುವ ಹಾಡು ಅದು. ಕಾಕಾ ಕಣ್ಣು ಮುಚ್ಚಿ ನುಡಿಸಿದರು. ಸಾವಿರ ಸಲ ಕೇಳಿದ ನನಗೇ ಕಣ್ಣಲ್ಲಿ ನೀರು ಬಂತು. ಕೊನೆಯ ಸ್ವರ ಸಣ್ಣಗಾಗುತ್ತ ಬಂದಾಗ, ‘ಸ್ವಲ್ಪ ತಡೀರಿ, ಸದ್ದು ಮಾಡಬ್ಯಾಡ್ರಿ’ ಎಂಬಂತೆ ಮೇಡಮ್ ಗಾಜಿನಾಚೆ ಒಂದು ಬೆರಳು ಎತ್ತಿದರು.

ಅಲ್ಲಿಗೆ ಕೆಟ್ಟಿತು. ನಮ್ಮ ಕಡೆಯ ಲಗ್ನದಲ್ಲಿ ಮದುವೆ ಮಾಡಿಸುವ ಅಯ್ಯನವರು ಬೆರಳೆತ್ತಿದರೆ ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತು ಬಂತೆಂದು ಅರ್ಥ. ಆ ಕ್ಷಣ ಯಾವ ಹಾಡಿದ್ದರೂ ಬಿಟ್ಟು, ಇದ್ದ ಉಸಿರೆಲ್ಲ ಹಾಕಿ ಗಟ್ಟಿಮೇಳ ಬಾರಿಸಬೇಕು. ಎಂಟೂ ಜನ ಬಾರಿಸಿದೆವು. ಕಣ್ಣು ತೆರೆದ ಕಾಕಾ ಕೂಡ ಬೆರಳು ನೋಡಿ ಜೋರಾಗಿ ಊದಿದರು. ಮೇಡಮ್ ಹೆಡ್‌ಫೋನ್ ಕಿತ್ತೆಸೆದರು.

“ಏನಾತ್ರಿ ನಿಮಗ?”

“ನೀವ ಬೆರಳ ಎತ್ತಿದ್ರಲ್ಲರಿ!”

ಇನ್ನೊಮ್ಮೆ ನುಡಿಸೋಣವೆಂದು ಕಾಕಾರತ್ತ ತಿರುಗಿದೆ. ಅವರು ಅಂಗೈ ನೋಡಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಹಲ್ಲು.

“ಸೋಮವಾರದ ಮಟಾ ತಡೀಲಿಲ್ಲ ನೋಡು ಇದು” ಅಂದರು.

ಮೇಡಮ್ ಮೆತ್ತಗೆ, “ಕಡೀ ಗದ್ದಲ ಕತ್ತರಿಸಿ ಕೊಡ್ತೇನ್ರಿ ಕಾಕಾ” ಅಂದರು. “ಬ್ಯಾಡವ್ವಾ. ಹಲ್ಲ ಹೋದ ಸಪ್ಪಳ ಅದರಾಗ ಐತಿ. ಇರ್ಲಿ” ಅಂದರು ಕಾಕಾ.

ಸುರೇಬಾನದಲ್ಲಿ

ಮರುದಿನ ಕಾಕಾರ ಜೊತೆ ನಾನೂ ಸುರೇಬಾನಕ್ಕೆ ಹೋದೆ. ಅವರ ಹೆಂಡತಿ, ನಮ್ಮ ಕಾಕು, ಏನನ್ನುತ್ತಾರೋ ಎಂಬ ಕುತೂಹಲ ತಡೆಯಲಾಗಲಿಲ್ಲ. ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕಾಕಾ ಪರೀಕ್ಷೆಗೆ ಕೂತವರಂತೆ ಎದುರಿಗೆ ಕೂತು ಮೊಬೈಲಿನಲ್ಲಿ ಹಾಡು ಹಚ್ಚಿದರು.

ಮೊದಲು ಕಾಕು ತಲೆ ಎತ್ತಲಿಲ್ಲ. ಆಮೇಲೆ ಕೈ ನಿಂತಿತು. “ಇದನ್ನ ನುಡಸ್ತಿದ್ರೇನು ನೀವು, ಇಷ್ಟ ವರ್ಷ?” ಎಂದು ಮೆಲ್ಲಗೆ ಕೇಳಿದರು. ಕಾಕಾ ತಲೆಯಾಡಿಸಿದರು. ಹಾಡು ಸಣ್ಣಗಾಯಿತು, ಇನ್ನೇನು ಮುಗಿಯಿತು ಅನ್ನುವಾಗ ಗಟ್ಟಿಮೇಳ ಹೊಡೆಯಿತು.

ಕಾಕು ದಡಕ್ಕನೆ ಎದ್ದವರೇ ಮೊರದಿಂದ ಒಂದು ಮುಷ್ಟಿ ಅಕ್ಕಿ ತೆಗೆದು ಕಾಕಾರ ತಲೆಯ ಮೇಲೆ ಹಾಕಿಬಿಟ್ಟರು!

ಹಾಕಿದ ಮೇಲೆ ಎಚ್ಚರಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ತಲೆತುಂಬ ಅಕ್ಕಿ ಹೊತ್ತು, ಬಾಯಿತುಂಬ ನಕ್ಕು, “ಮತ್ತೊಮ್ಮೆ ಲಗ್ನ ಆತಲ್ಲೇ ನಮ್ದು!” ಅಂದರು.

ಕಾಕು ಅವರ ಬಾಯಿಯನ್ನೇ ಒಂದು ಗಳಿಗೆ ನೋಡಿ ಹೇಳಿದರು: “ಹ್ವಾದ ಸಲ ಮದಿಮಗಗ ಹಲ್ಲರೆ ಇದ್ದುವು.”