ಡೈಪರ್ ರ‍್ಯಾಶ್ ಮತ್ತು ನನ್ನ ಧೈರ್ಯ

ಹೆರಿಗೆ ರಜೆ ಮುಗಿದು ವಿದ್ಯಾ ಪಾರ್ಸಿಪನಿ ಪಟ್ಟಣದ ತನ್ನ ಆಫೀಸಿಗೆ ಹೊರಟ ದಿನ, ಐದು ತಿಂಗಳ ಮಗಳು ಇಂಚರಳನ್ನು ನನ್ನ ಕೈಗಿಟ್ಟಳು. ನಾನು ಎರಡು ವಾರ ರಜೆ ಹಾಕಿದ್ದೆ. ಔಷಧ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷಿಸುವ ನನಗೆ ಒಂದು ಡೈಪರ್ ಯಾವ ಲೆಕ್ಕ?

"ತೊಡಿ ಸಂದ್ಯಾಗ ಸ್ವಲ್ಪ ಕೆಂಪಾಗೇದ. ಒದ್ದಿ ಆದ ಕೂಡ್ಲೇ ಬದಲಿಸ್ರಿ," ಎಂದು ಧಾರವಾಡದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು.

ಅವಳು ಹೋದ ಮೇಲೆ ಬಿಚ್ಚಿ ನೋಡಿದೆ. ನಾಣ್ಯದಷ್ಟು ಕೆಂಪು. ಫೋನಿನಲ್ಲಿ ಹುಡುಕಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಸೋಂಕು, ಹುಣ್ಣು, ಆಸ್ಪತ್ರೆ ಎಲ್ಲ ಓದಿ ಮುಗಿಸಿದ್ದೆ. ಒದ್ದೆಯಿರಲಿ, ಇಲ್ಲದಿರಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಡೈಪರ್ ಬಿಚ್ಚಿ, ಗುಲಾಬಿ ವಾಸನೆಯ ವೈಪ್ಸ್‌ನಿಂದ ಪಾತ್ರೆ ತಿಕ್ಕುವ ಶ್ರದ್ಧೆಯಲ್ಲಿ ಒರೆಸಿದೆ. ಪೌಡರ್ ಉದುರಿಸಿ, ಹೊಸ ಡೈಪರನ್ನು ಬಿಗಿಯಾಗಿ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ಅಂಗೈಯಗಲವಾಯಿತು. ಮುಟ್ಟಿದರೆ ಮಗು ಕಿರುಚುತ್ತಿತ್ತು.

ಮಗುವಿನ ಕ್ರೀಮ್ ಎಂದುಕೊಂಡು ಒಂದು ಬಿಳಿ ಟ್ಯೂಬ್ ಎತ್ತಿ ಬೆರಳಿಗೆ ಹಿಂಡಿದೆ. ಬೆರಳು ಚುರುಗುಟ್ಟಿತು. ಹೆಸರು ಓದಿದೆ. ನನ್ನ ಬೆನ್ನುನೋವಿನ ಮುಲಾಮು! ಗೇಣು ದೂರದಲ್ಲಿ ಚಾಪೆಯ ಮೇಲೆ ಮಗಳು ಬರಿಮೈಯಲ್ಲಿ ಕಾಲಾಡಿಸುತ್ತಿದ್ದಳು. ಮೂರು ಸಲ ಸೋಪು ಹಾಕಿ ಕೈ ತೊಳೆದು, ವಿದ್ಯಾಗೆ ಫೋನ್ ಮಾಡಿದೆ.

"ಕ್ಲಿನಿಕ್‌ಗೆ ಬಂದ್ಬಿಡು."

"ಏನಾತು?"

"ಹೇಳೋಕೆ ಆಗ್ತಿಲ್ಲ."

ಇದಕ್ಕಿಂತ ಭಯಂಕರವಾದ ಉತ್ತರ ಇರಲಾರದು ಎಂದು, ಬಿಳಿಚಿಕೊಂಡ ಮುಖದಲ್ಲಿ ಅವಳು ಕ್ಲಿನಿಕ್ಕಿಗೆ ಓಡಿ ಬಂದಾಗ ಗೊತ್ತಾಯಿತು.

ಡಾಕ್ಟರಮ್ಮ ನಿಧಾನವಾಗಿ ಪರೀಕ್ಷಿಸಿದರು. ಜ್ವರವಿಲ್ಲ, ಗುಳ್ಳೆಯಿಲ್ಲ, ಬರೀ ರ‍್ಯಾಶ್ ಎಂದರು. ಆಮೇಲೆ, ಇಷ್ಟು ಉಜ್ಜಿದ್ದು ಯಾರು ಎಂದು ಕೇಳಿದರು. ವಿದ್ಯಾ ನನ್ನತ್ತ ನೋಡಿದಳು. ನಾನು ಗೋಡೆಯ ಮೇಲಿದ್ದ ಜಿರಾಫೆಯ ಚಿತ್ರವನ್ನು ನೋಡಿದೆ.

ಬೆಚ್ಚಗಿನ ನೀರಲ್ಲಿ ತೊಳೆಯಿರಿ, ಉಜ್ಜದೆ ಮೆತ್ತಗೆ ಒತ್ತಿ ಒಣಗಿಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ, ಜಿಂಕ್ ಇರುವ ಕ್ರೀಮ್ ದಪ್ಪಗೆ ಹಚ್ಚಿ, ಡೈಪರ್ ಸಡಿಲವಾಗಿರಲಿ. ಪೌಡರ್, ವಾಸನೆಯ ವೈಪ್ಸ್ ಬೇಡ. ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಬನ್ನಿ ಎಂದರು. ಅಷ್ಟರಲ್ಲಿ ನರ್ಸ್ ಒಂದು ಲೋಟ ನೀರು ತಂದರು. ಅದು ನನಗೆ.

ಕಾರಿನಲ್ಲಿ ಇಂಚರ ನಿದ್ದೆ ಹೋದಳು. ವಿದ್ಯಾ ಮೆಲ್ಲಗೆ ಪಕ್ಕದ ಅಪಾರ್ಟ್‌ಮೆಂಟಿನ ಆಂಟಿಗೆ ಫೋನ್ ಮಾಡಿದಳು.

"ಆಂಟಿ, ನಾಳಿಂದ ಹಗಲೊತ್ತು ನಮ್ಮನಿಗೆ ಬಂದು ಸ್ವಲ್ಪ ನೋಡ್ಕೋತೀರೇನ್ರಿ? ಕೂಸಿನ್ನಲ್ಲರಿ. ಇವರನ್ನ."