ಬಾಗಿಲು ಮುಚ್ಚಿಕೊಂಡು ಕುಳಿತ ದೊರೆಸಾನಿಯವರ ಸನ್ನಿಧಾನಕ್ಕೆ

ಮಣ್ಣಿನೊಳಗಿನ ಅರಮನೆಯ ಒಡತಿಯೂ, ಎಂಟು ಕಾಲು ಎಂಟು ಕಣ್ಣುಗಳಿಂದ ಶೋಭಿಸುವವರೂ, ನನ್ನ ಹೊಲಿಗೆ ಮೇಜಿನ ಪಕ್ಕದ ಗಾಜಿನ ತೊಟ್ಟಿಯಲ್ಲಿ ಯಾರ ಹಂಗೂ ಇಲ್ಲದೆ ವಾಸವಾಗಿರುವವರೂ ಆದ ಮಾನ್ಯ ಜೇಡಮ್ಮನವರೇ,

ನಾನು ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ಇಪ್ಪತ್ತಾರು ದಿನಗಳಿಂದ ಒಂದು ಸುಳಿವೂ ಇಲ್ಲದಿರುವುದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ. ಇದರ ಒಂದು ಪ್ರತಿಯನ್ನು ತಮ್ಮ ತೊಟ್ಟಿಯ ಗಾಜಿಗೂ ಇನ್ನೊಂದನ್ನು ಮೆಟ್ಟಿಲ ಬುಡದ ಸೂಚನಾ ಫಲಕಕ್ಕೂ ಅಂಟಿಸಲಿದ್ದೇನೆ. ಮನೆಯ ಮಾತನ್ನು ಬೀದಿಗೆ ತರುವ ಸ್ವಭಾವ ನನ್ನದಲ್ಲ. ಆದರೆ ಕೆಳಗಿನ ಮನೆಯ ಪಿಟೀಲು ಮೇಷ್ಟ್ರು ದಿನಾ ಎದುರಾಗಿ, "ಅದು ತಪ್ಪಿಸ್ಕೊಂಡಿದ್ರೆ ಈಗ್ಲೇ ಹೇಳ್ಬಿಡಿ ತಾಯಿ, ಬೂಟು ಕೊಡವಿ ಕೊಡವಿ ನನ್ನ ಕೈ ಸೋತಿದೆ, ಪಾಠ ಹೇಳೋಕೂ ಆಗ್ತಿಲ್ಲ" ಎಂದು ಗೋಳಾಡುತ್ತಿದ್ದಾರೆ. ಹೀಗಾಗಿ ತಾವು ತಪ್ಪಿಸಿಕೊಂಡಿಲ್ಲ, ಕೇವಲ ನಮ್ಮನ್ನೆಲ್ಲ ಲೆಕ್ಕಕ್ಕೇ ಇಟ್ಟಿಲ್ಲ ಎಂಬುದನ್ನು ಬಹಿರಂಗವಾಗಿ ಸಾರುವುದು ನನ್ನ ಕರ್ತವ್ಯವಾಗಿದೆ.

ತಾವು ಈ ಮನೆಗೆ ಬಂದ ಬಗೆಯನ್ನು ಮೊದಲು ನೆನಪಿಸುತ್ತೇನೆ. ವೆಲ್ಡಿಂಗ್ ಕೆಲಸದ ನನ್ನ ಯಜಮಾನರು ಒಂದು ಸಂಜೆ ಊಟದ ಡಬ್ಬಿಯ ಜೊತೆ ಇನ್ನೊಂದು ತೂತು ಡಬ್ಬಿಯನ್ನೂ ಹಿಡಿದುಕೊಂಡು ಬಂದರು. ಅದರೊಳಗೆ ತಾವಿದ್ದಿರಿ. ಅಂಗೈ ಅಗಲ, ಮೈತುಂಬಾ ಕೂದಲು, ಮುಖದಲ್ಲಿ ಯಾರನ್ನೂ ಮಾತನಾಡಿಸದ ಗತ್ತು. "ನೋಡೇ, ನಮ್ಮನೆಗೆ ದೊರೆಸಾನಿ ಬಂದವ್ಳೆ" ಎಂದರು. ನಾನು, "ಒಂದೋ ಅದು, ಇಲ್ಲಾ ನಾನು" ಎಂದೆ. ಅವರು ಬಿದ್ದು ಬಿದ್ದು ನಕ್ಕು, "ನೀವಿಬ್ರೂ ಇರ್ರಪ್ಪ, ನಾನೇ ಹೊರಡ್ತೀನಿ" ಎಂದರು. ಎರಡೇ ತಿಂಗಳಲ್ಲಿ ಕಣ್ಣು ಮುಚ್ಚಿ, ಕೊಟ್ಟ ಮಾತು ಉಳಿಸಿಕೊಂಡರು. ಬೇರೆ ಯಾವ ವಿಷಯದಲ್ಲೂ ಅವರು ಇಷ್ಟು ಬೇಗ ಮಾತು ಉಳಿಸಿಕೊಂಡದ್ದು ನನಗೆ ಗೊತ್ತಿಲ್ಲ. ಬಚ್ಚಲ ನಲ್ಲಿ ಇವತ್ತಿಗೂ ಸೋರುತ್ತಿದೆ.

ತಮಗಾಗಿ ಅವರು ತಂದಿಟ್ಟಿದ್ದ ಗಾಜಿನ ತೊಟ್ಟಿ ಖಾಲಿಯಾಗಿಯೇ ಉಳಿಯಿತು, ತಾವು ತೂತು ಡಬ್ಬಿಯಲ್ಲೇ ಉಳಿದಿರಿ. ಅದರ ಮೇಲೆ ರಟ್ಟಿನ ಚೂರೊಂದರಲ್ಲಿ ಅವರ ಕೈಬರಹವಿತ್ತು: 'ಮಣ್ಣು ಒಂದು ಗೇಣು, ಚೆನ್ನಾಗಿ ಒತ್ತಬೇಕು. ಮೇಲೆ ಜಾಗ ಕಡಿಮೆ ಇರಲಿ, ಹತ್ತಿ ಬಿದ್ದರೆ ಹೊಟ್ಟೆ ಒಡೆಯುತ್ತೆ. ಮೂಲೇಲಿ ಬೆರಳಿಂದ ಒಂದು ತೂತು, ಮಿಕ್ಕಿದ್ದು ಅವಳೇ ನೋಡ್ಕೋತಾಳೆ.' ಅವರು ಬಿಟ್ಟುಹೋದವುಗಳಲ್ಲಿ ಉಸಿರಾಡುವುದು ತಾವೊಬ್ಬರೇ. ಏನಾದರಾಗಲಿ, ತಮ್ಮನ್ನು ಉಳಿಸಿಕೊಳ್ಳಬೇಕು ಎಂದು ಅಂದೇ ನಿಶ್ಚಯಿಸಿದೆ. ತಮ್ಮ ಮೇಲಿನ ಪ್ರೀತಿಯಿಂದ ಅಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನಾನು ಬಟ್ಟೆ ಆಲ್ಟ್ರೇಷನ್ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಳತೆ ತೆಗೆಯುವವಳು. ಅಳತೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಹಮ್ಮಿನಿಂದಲೇ ಕೈ ಚಾಚಿ, ಗೇಣು ಹಾಕಿ, ಅಷ್ಟು ಮಣ್ಣು ತುಂಬಿದೆ. ಮೇಲೊಂದು ವೆಲ್ವೆಟ್ ತುಂಡು, ಪ್ಲಾಸ್ಟಿಕ್ ಹೂವು, ಕುಡಿಯಲು ಬಾಟಲಿ ಮುಚ್ಚಳದಲ್ಲಿ ನೀರು, ಬೇಸರವಾದರೆ ನೋಡಿಕೊಳ್ಳಲು ಪುಟ್ಟ ಕನ್ನಡಿ, ಎಲ್ಲವನ್ನೂ ಒದಗಿಸಿದೆ. ತಾವು ವೆಲ್ವೆಟ್ ತುಂಡನ್ನು ಎಳೆದು ನೀರಿನಲ್ಲಿ ನೆನೆಸಿದಿರಿ. ಕನ್ನಡಿಗೆ ಬೆನ್ನು ಹಾಕಿದಿರಿ. ಮೂಲೆಯಲ್ಲಿ ಅಗೆದು ಅಗೆದು ತಳದ ಗಾಜು ತಾಕಿದ ಮೇಲೆ, ಮನೆ ಕಟ್ಟಿದ ಮೇಸ್ತ್ರಿಯನ್ನು ಹುಡುಕುವವರ ಹಾಗೆ ಮೇಲೆ ಬಂದು ಗೋಡೆ ಹತ್ತಿದಿರಿ, ಮತ್ತು ನನ್ನ ಕಣ್ಣೆದುರಿಗೇ ದೊಪ್ಪನೆ ಬಿದ್ದಿರಿ. ನನ್ನ ಕೈಯಲ್ಲಿದ್ದ ಗಿರಾಕಿಯ ಪ್ಯಾಂಟಿಗೆ ಅವತ್ತು ಮೂರನೆಯ ಕಾಲು ಹೊಲಿಯದೆ ಉಳಿದದ್ದೇ ಹೆಚ್ಚು. ತಾವೇನೋ ಮೈ ಕೊಡವಿಕೊಂಡು ನಡೆದಿರಿ. ನಾನು ಆ ರಟ್ಟಿನ ಚೂರನ್ನು ತೆಗೆದು ಮತ್ತೊಮ್ಮೆ ಓದಿದೆ.

ಆಗ ಹೊಳೆಯಿತು. ಗೇಣು ಎಂದರೆ ಯಾರ ಗೇಣು? ಗಿರಾಕಿಯ ಅಂಗಿಯನ್ನು ನನ್ನ ಮೈ ಅಳತೆಗೆ ಹೊಲಿದಂಥ ತಪ್ಪು. ಅಡುಗೆಮನೆಯ ಹಿಂದಿನ ಮೊಳೆಯಲ್ಲಿ ಅವರ ಚರ್ಮದ ಕೈಗವಸು ಇನ್ನೂ ನೇತಾಡುತ್ತಿತ್ತು. ಬೆರಳುಗಳು ಬಾಗಿ, ಏನನ್ನೋ ಹಿಡಿದುಕೊಂಡ ಹಾಗೆಯೇ ಒಣಗಿದ್ದವು. ಅದನ್ನು ತಂದು, ಒಂದೊಂದೇ ಬೆರಳು ಬಿಡಿಸಿ, ಗಾಜಿಗೆ ಒತ್ತಿ ಹಿಡಿದೆ. ನನ್ನ ಗೇಣಿಗಿಂತ ಮೂರು ಬೆರಳು ಜಾಸ್ತಿ. ಅಷ್ಟೂ ಮಣ್ಣನ್ನು ಮತ್ತೆ ತುಂಬಿ, ಆ ಕೈಗವಸು ತೊಟ್ಟುಕೊಂಡೇ ಒತ್ತಿದೆ. ತಾವು ಬಂದು ಮುಂಗಾಲಿನಿಂದ ಮುಟ್ಟಿ ನೋಡಿ, ಒಂದೇ ದಿನದಲ್ಲಿ ಕೆಳಗಿಳಿದಿರಿ. ಎಂಥ ಕೆಲಸಗಾರಿಕೆ! ಗೋಡೆಗೆಲ್ಲ ರೇಷ್ಮೆ, ಬಾಗಿಲಿಗೆ ರೇಷ್ಮೆ, ಬಾಗಿಲ ಮೇಲೆ ಮಣ್ಣಿನ ಗಿಲಾವು. ಆಮೇಲೆ ಆ ಬಾಗಿಲನ್ನು ನನ್ನ ಮುಖಕ್ಕೇ ಮುಚ್ಚಿದಿರಿ.

ಅಂದಿನಿಂದ ನಾನು ಒಂದು ತೊಟ್ಟಿ ಮಣ್ಣನ್ನು ಸಾಕುತ್ತಿದ್ದೇನೆ. ಮಣ್ಣು ಬಹಳ ಸಾಧು ಪ್ರಾಣಿ, ದೂರುವಂತಿಲ್ಲ. ತಮ್ಮ ಊಟಕ್ಕೆಂದು ಬಿಟ್ಟ ಮಿಡತೆಯೂ ಭಯ ಬಿಟ್ಟು ತಮ್ಮ ಬಾಗಿಲ ಮೇಲೆಯೇ ಬಿಸಿಲು ಕಾಯಿಸತೊಡಗಿತು. ನಾದಿನಿ ಬಂದವಳೇ, "ಸತ್ತೋಗಿದ್ಯೋ ಏನೋ, ಒಂದು ಸೌಟು ಕೊಡು ಅತ್ತಿಗೆ, ಅಗೆದು ನೋಡೇಬಿಡೋಣ" ಎಂದಳು. ಸೌಟು ಕೊಡಲು ಕೈ ಬರಲಿಲ್ಲ. ಸಾಕುಪ್ರಾಣಿ ಅಂಗಡಿಯವರಿಗೆ ಫೋನು ಮಾಡಿದರೆ, "ಬಾಗ್ಲು ಹಾಕ್ಕೊಂಡಿದೆ ಅಂದ್ರೆ ಪೊರೆ ಬಿಡೋ ಟೈಮಮ್ಮ, ಬಟ್ಟೆ ಬದಲಾಯಿಸ್ತಿರೋರ ಬಾಗ್ಲು ಬಡೀತಾರೇನಮ್ಮ? ಆ ಮಿಡತೆ ಮೊದ್ಲು ಎತ್ತಿ, ಮೈ ಮೆತ್ತಗಿದ್ದಾಗ ಅದೇ ಇದನ್ನ ಕಚ್ಚುತ್ತೆ" ಎಂದರು. ಎತ್ತಿದೆ. ಈಗ ಮಿಡತೆಗೂ ಒಂದು ಶೀಶೆ, ಅದಕ್ಕೂ ದಿನಕ್ಕೊಂದು ಚೂರು ಕ್ಯಾರೆಟ್. ಹೀಗೇ ಮುಂದುವರಿದರೆ ಮಿಡತೆಯ ಕೈಗೇ ಮನೆಯ ಬೀಗದಕೈ ಕೊಡುವುದು ಬಾಕಿ.

ಆದುದರಿಂದ ತಮ್ಮಲ್ಲಿ ವಿನಂತಿ: ಪೂರ್ತಿ ದರ್ಶನ ಬೇಡ, ಅಷ್ಟು ದೊಡ್ಡ ಆಸೆ ನನಗಿಲ್ಲ. ವಾರಕ್ಕೊಮ್ಮೆ, ತಮಗೆ ಅನುಕೂಲವಾದ ದಿನ, ಬಾಗಿಲ ಸಂದಿಯಿಂದ ಒಂದೇ ಒಂದು ಕಾಲನ್ನು ಹೊರಗೆ ಚಾಚಿ 'ಇದ್ದೇನೆ' ಎಂದು ಸೂಚಿಸಿದರೆ ಸಾಕು. ಎಂಟಿವೆ, ಒಂದು ಕಾಲಿನಿಂದ ತಮಗೇನೂ ಕಡಿಮೆಯಾಗದು. ಸಾಧ್ಯವಿದ್ದರೆ ಪಿಟೀಲು ಮೇಷ್ಟ್ರಿಗೂ ಎರಡು ಸಾಲಿನ ಕ್ಷಮಾಪಣೆ ಬರೆದುಕೊಡಬೇಕು. ಒಳಗೆ ಏನಾದರೂ ಆಗಿದ್ದರೆ... ಆಗಿಲ್ಲ. ತಾವು ಹಾಗೆ ಮಾಡುವವರಲ್ಲ.

ಬಾಗಿಲಿನ ಈಚೆ ಕಡೆ ಕಾದು ಕುಳಿತಿರುವ,
ತಮ್ಮ ವಿಶ್ವಾಸಿ,
ಮಣ್ಣು ಒತ್ತಿದವಳು

ತಾಜಾ ಕಲಂ: ಈ ಪತ್ರವನ್ನು ಅಂಟಿಸಲು ಬೆಳಿಗ್ಗೆ ಗೋಂದು ಹಿಡಿದು ಬಂದರೆ ತಮ್ಮ ಬಾಗಿಲ ಹೊರಗೆ ಒಂದು ಮುದ್ದೆ ಬಿದ್ದಿತ್ತು. ಚಿಮುಟದಲ್ಲಿ ಎತ್ತಿ ಬಿಡಿಸಿ ನೋಡಿದೆ. ಒಂದು ಕಾಲು ಕೇಳಿದ್ದಕ್ಕೆ ಎಂಟನ್ನೂ ಕಳುಹಿಸಿದ್ದೀರಿ, ಆದರೆ ಖಾಲಿ! ಆಗ ಬಾಗಿಲ ಸಂದಿಯಲ್ಲಿ ಹೊಸ ಕರಿ ಕಾಲಿನ ತುದಿಯೊಂದು ಅಲುಗಿ, ಸರಕ್ಕನೆ ಒಳಗೆ ಹೋಯಿತು. ತಮ್ಮ ಹಳೆಯ ಉಡುಪನ್ನು ವೃತ್ತಿಯ ಕಣ್ಣಿನಿಂದ ಪರೀಕ್ಷಿಸಿದ್ದೇನೆ. ಎಲ್ಲೂ ಹೊಲಿಗೆಯಿಲ್ಲ, ಉಗುರಿನ ತನಕ ಒಂದೇ ತುಂಡು. ಇಷ್ಟು ಒಳ್ಳೆಯ ಬಟ್ಟೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಾಗಿಲಾಚೆ ಎಸೆಯುವ ಧೈರ್ಯ ನನಗಿರಲಿಲ್ಲ. ತಮ್ಮ ಉಪದೇಶ ಅರ್ಥವಾಯಿತು. ಬೀರುವಿನಲ್ಲಿದ್ದ ಅವರ ಏಳು ಅಂಗಿಗಳನ್ನು ಮಡಿಚಿ ನಾದಿನಿಗೆ ಎತ್ತಿಟ್ಟಿದ್ದೇನೆ, ಅವಳ ಗಂಡನ ಅಳತೆಗೆ ನಾನೇ ಕಿರಿದು ಮಾಡಿಕೊಡುತ್ತೇನೆ. ಆದರೆ ತಮ್ಮಂಥ ಹೆಣ್ಣು ಜೇಡಗಳು ಇನ್ನೂ ಇಪ್ಪತ್ತು ವರ್ಷ ಬಾಳುತ್ತವೆಂದೂ, ಪ್ರತಿ ಪೊರೆಗೂ ಇನ್ನಷ್ಟು ದೊಡ್ಡದಾಗುತ್ತವೆಂದೂ ಅಂಗಡಿಯವರು ಹೆದರಿಸಿದ್ದಾರೆ. ಆದ್ದರಿಂದ ಕೈಗವಸನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ತಮ್ಮ ಮುಂದಿನ ಮನೆಗೂ ಅದರದೇ ಅಳತೆ.