ಏಳು ಗಂಟೆಯ ‘ಇದ್ದೀನಿ’

ನಮ್ಮ ಕಾಕಾ ಮದುವೆಯಾಗದೇ ಉಳಿದದ್ದು ಒಂದು ತಟ್ಟೆ ಉಪ್ಪಿಟ್ಟಿನಿಂದ ಎಂದರೆ ನಂಬುತ್ತೀರಾ? ನಂಬಲೇಬೇಕು. ಪಕ್ಕದಲ್ಲೇ ಕೂತು ಅದೇ ಉಪ್ಪಿಟ್ಟು ತಿಂದವಳು ನಾನು!

ಸಿಂಧನೂರಿನ ದೊಡ್ಡ ದವಾಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ಅವನ ಕೆಲಸ. ಲಿಂಗಸುಗೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ ಮರ್ಯಾದೆಗೆಂದು ಕೆಲಸದ ಬಗ್ಗೆ ಕೇಳಿದರು. ಅಂಥ ಪ್ರಶ್ನೆಗೆ ಯಾರಾದರೂ ನಿಜವಾಗಿ ಉತ್ತರ ಕೊಡುತ್ತಾರೆಯೇ? ಕಾಕಾ ಎರಡು ಚಹಾ ಕಪ್ಪು ಎಳೆದುಕೊಂಡು ನಡುವೆ ಉಪ್ಪಿಟ್ಟಿನ ತಟ್ಟೆ ಇಟ್ಟ.

“ಇವೆರಡೂ ಸರ್ವರ್ ರೀ. ಈ ತಾಟು ಡಿಸ್ಕ್. ರೋಗಿಗಳ ಮಾಹಿತಿ ಎಲ್ಲಾ ಇದರಾಗ ಇರ್ತೈತಿ. ಎರಡಕ್ಕೂ ಇದೊಂದ ತಾಟು. ಒಂದು ನಿಂತ್ರ ಅದರ ಕೆಲಸ ಇನ್ನೊಂದು ಮಾಡ್ತೈತಿ. ಆದ್ರ ಒಂದನ್ನೊಂದು ಕೇಳಲಾರದ ಕೈ ಹಾಕಿದ್ರ ಎಲ್ಲಾ ಕಲಸಿ ಕೆಡ್ತೈತಿ.”

ಹುಡುಗಿಯ ಅಪ್ಪ ಬಹಳ ಹೊತ್ತು ಯೋಚಿಸಿದರು. “ಅಲ್ರೀ, ನಮ್ಮ ಹುಡುಗಿಗೆ ಬ್ಯಾರೆ ತಾಟು ಕೊಡಂಗಿಲ್ಲೇನ್ರೀ?”

ಆ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ.

ನನ್ನ ಅಪ್ಪ, ಅಂದರೆ ಕಾಕಾನ ಅಣ್ಣ, ತೀರಿಕೊಂಡ ಮೇಲೆ ಕಾಕಾ ನನ್ನನ್ನೂ ಸರ್ವರ್ ಮಾಡಿದ. ನಾನು ಮಸ್ಕಿಯಲ್ಲಿ ಶಾಲೆ ಟೀಚರು, ಒಬ್ಬಳೇ ಇರುವವಳು.

“ಎರಡೂ ಸರ್ವರ್ ‘ಇದ್ದೀನಿ, ಇದ್ದೀನಿ’ ಅಂತ ಒಂದಕ್ಕೊಂದು ಹೇಳ್ತಿರಬೇಕವ್ವ. ಒಂದು ಸಣ್ಣ ಡಿಸ್ಕಿನಾಗ ಗುರುತೂ ಹಾಕ್ಬೇಕು. ನೀ ಒಬ್ಬಾಕಿ, ನಾ ಒಬ್ಬಾಂವ. ನಮಗೂ ಅದ ಪದ್ಧತಿ.”

ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಫೋನು. ಅವನು “ಇದ್ದೀನಿ” ಅನ್ನುವುದು, ನಾನು “ಇದ್ದೀನಿ ಕಾಕಾ” ಅನ್ನುವುದು, ಫೋನು ಕಟ್. ಸಣ್ಣ ಡಿಸ್ಕ್ ಯಾವುದು ಅಂತೀರಾ? ಅವನ ಅಡುಗೆಮನೆಯ ಕ್ಯಾಲೆಂಡರು. ಪ್ರತಿ ತಾರೀಕಿನ ಮನೆಯಲ್ಲಿ ಎಡಕ್ಕೆ ಅವನ ಗೀಟು, ಬಲಕ್ಕೆ ನನ್ನದು. ಎರಡನ್ನೂ ಅವನೇ ಎಳೆಯುತ್ತಿದ್ದ.

ಒಮ್ಮೆ ಏಳಕ್ಕೆ ಮೊದಲೇ ನನ್ನ ಫೋನು ನೀರಿನ ಬಕೆಟ್ಟಿನಲ್ಲಿ ಬಿತ್ತು. ಒಂಬತ್ತಕ್ಕೆಲ್ಲ ಕಾಕಾ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿದ್ದ.

“ನಿನ್ನ ಸಪ್ಪಳ ಇಲ್ಲ. ನಿನ್ನ ಕೆಲಸ ನಾ ತಗೊಂಡೀನಿ.”

“ಕಾಕಾ, ನಾ ಆರಾಮದೀನಿ.”

“ಆರಾಮ ಇದ್ರ ಇರು. ಒಮ್ಮೆ ತಗೊಂಡ ಮ್ಯಾಲ ನಡುವ ಬಿಡಾಕ ಬರಂಗಿಲ್ಲ.”

ಜೋಳದ ರೊಟ್ಟಿ ಬಡಿದ. ಒಂದೊಂದು ರೊಟ್ಟಿ ಒಂದೊಂದು ತಾಲೂಕಿನ ನಕ್ಷೆ. ಆಮೇಲೆ ನನ್ನ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ಶಾಲೆಯ ಹಾದಿ ಕೇಳಿದ. ತಡೆಯಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಬೇಸತ್ತು ಒಂದು ದಿನ ಕೇಳಿಯೇಬಿಟ್ಟೆ, “ವಾರಕ್ಕೊಮ್ಮೆ ಮಾಡಿದ್ರ ಸಾಲದೇನ ಕಾಕಾ?”

“ನನಗ ಸಾಲಂಗಿಲ್ಲವ್ವ” ಅಂದ. ಹಾಗೆ ಕೇಳಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಏಳಕ್ಕೆ ಫೋನು ಬರಲಿಲ್ಲ. ಮೂರು ಸಲ ನಾನೇ ಮಾಡಿದೆ, ಎತ್ತಲಿಲ್ಲ. ಚೀಲಕ್ಕೆ ಬಟ್ಟೆ ತುರುಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಅವನ ಮನೆ ಮುಂದೆ ಓಣಿಯ ಜನ ಸೇರಿದ್ದರು. ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದನಂತೆ.

ಎಲ್ಲ ಮುಗಿದ ಮೇಲೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಕ್ಯಾಲೆಂಡರಿನಲ್ಲಿ ಆ ದಿನದ ಎಡಗಡೆ ಗೀಟು ಬಿದ್ದಿತ್ತು. ಬಲಗಡೆ ಖಾಲಿ. ಎದ್ದು ತನ್ನ ಗುರುತು ಹಾಕಿ, ನನಗೆ ಫೋನು ಮಾಡಲೆಂದೇ ಕೂತಿದ್ದ. ದಾರದಲ್ಲಿ ತೂಗುತ್ತಿದ್ದ ಪೆನ್ಸಿಲಿನಿಂದ ನನ್ನ ಗೀಟು ನಾನೇ ಎಳೆದೆ. ಆಮೇಲೆ ಅಳು ತಡೆಯಲಾಗಲಿಲ್ಲ.

ಈಗ ಆ ಕ್ಯಾಲೆಂಡರು ನನ್ನ ಅಡುಗೆಮನೆಯಲ್ಲಿದೆ. ಒಂದು ನಿಂತರೆ ಅದರ ಕೆಲಸ ಇನ್ನೊಂದು ಮಾಡಬೇಕೆಂದು ಹೇಳಿದವನು ಅವನೇ ಅಲ್ಲವೇ? ಬೆಳಿಗ್ಗೆ ಏಳಾದರೆ ಎರಡು ಗೀಟು ಎಳೆಯುತ್ತೇನೆ, ಎರಡು ಸಲ “ಇದ್ದೀನಿ” ಅನ್ನುತ್ತೇನೆ.